ಮೈಸೂರು–ಮೇಲುಕೋಟೆ–ತೊಣ್ಣೂರು–ಕನ್ನಂಬಾಡಿ: ಒಂದು ದಿನದ ಸೈಕಲ್ ಸುತ್ತಿಗೆ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ಮೈಸೂರು ಬಿಟ್ಟು ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಮೇಲುಕೋಟೆ ಹತ್ತುವುದು. ಇಳಿದು ತೊಣ್ಣೂರು ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ಕೂರುವುದು. ಅಲ್ಲಿಂದ ಚಿನಕುರಳಿ ಕಡೆಗೆ ತಿರುಗಿ ಕೆ.ಆರ್.ಎಸ್. (ಕನ್ನಂಬಾಡಿ ಕಟ್ಟೆ) ಸೇರಿ, ಬೆಳಗೊಳದ ಮೇಲೆ ಮಧ್ಯಾಹ್ನಕ್ಕೆ ಮನೆ ತಲುಪುವುದು. ಎಲ್ಲಿಂದ ಹೊರಟಿರಿ, ಯಾವ ಒಳದಾರಿ ಹಿಡಿದಿರಿ ಎನ್ನುವುದರ ಮೇಲೆ ಐದಾರು ಕಿಲೋಮೀಟರ್ ಹೆಚ್ಚುಕಡಿಮೆ ಆದರೂ ಒಟ್ಟು 115ರಿಂದ 120 ಕಿಲೋಮೀಟರ್ ಎಂದುಕೊಳ್ಳಿ. ಮೈಸೂರು ಸುತ್ತಮುತ್ತ ಒಂದೇ ದಿನದಲ್ಲಿ ಬೆಟ್ಟದೂರು, ಹಳೆಯ ಕೆರೆ, ಕಾವೇರಿ, ಕಬ್ಬಿನ ಗದ್ದೆ ಎಲ್ಲವನ್ನೂ ಸೈಕಲ್ ಮೇಲೆ ನೋಡಬೇಕೆಂದರೆ ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಈ ಬರಹ ಯಾರಿಗೆಂದರೆ, ಭಾನುವಾರ ಬೆಳಿಗ್ಗೆ 30–40 ಕಿಲೋಮೀಟರ್ ಆರಾಮಾಗಿ ತುಳಿದು ಬರುವವರಿಗೆ, ಮುಂದಿನ ಹೆಜ್ಜೆ ಏನು ಎಂದು ಯೋಚಿಸುತ್ತಿರುವವರಿಗೆ. ಗೇರಿನ ಸೈಕಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಆಗುತ್ತದೆ, ಬೆಟ್ಟದ ತಿರುವುಗಳಲ್ಲಿ ಇಳಿದು ತಳ್ಳಬೇಕಾಗುತ್ತದೆ, ಅಷ್ಟೆ.

ಕಷ್ಟ ಬೆಟ್ಟದಲ್ಲಿಲ್ಲ

ಮೊದಲ ಸಲ ಹೋಗುವವರೆಲ್ಲ ಮೇಲುಕೋಟೆ ಏರನ್ನೇ ನೆನೆದು ಹೆದರುತ್ತಾರೆ. ನಾನೂ ಹಾಗೇ ಹೆದರಿದ್ದೆ. ಅಷ್ಟೊಂದು ಸಲ ಹೋಗಿ ಬಂದ ಮೇಲೆ ಹೇಳುತ್ತೇನೆ: ಈ ಸುತ್ತಿನಲ್ಲಿ ಜನ ಸೋಲುವುದು ಬೆಟ್ಟದಲ್ಲಲ್ಲ, ಕೊನೆಯ 20 ಕಿಲೋಮೀಟರಿನಲ್ಲಿ.

ಕಾರಣ ನೆಲದಲ್ಲೇ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಹರಿಯುವುದು ಅದಕ್ಕಿಂತ ಸಾಕಷ್ಟು ಕೆಳಗೆ. ಹಾಗಾಗಿ ಬೆಳಿಗ್ಗೆ ಹೊರಟಾಗ ಮೊದಲ 16 ಕಿಲೋಮೀಟರ್ ಹೆಚ್ಚಿನಂಶ ಇಳಿಜಾರು. ತಣ್ಣಗಿನ ಗಾಳಿ, ಹೊಸ ಕಾಲು, ಖಾಲಿ ರಸ್ತೆ. ಸೈಕಲ್ ತಾನಾಗಿಯೇ 30ರ ವೇಗದಲ್ಲಿ ಓಡುತ್ತದೆ. ಆ ಹುಮ್ಮಸ್ಸಿನಲ್ಲಿ ತುಳಿದುಬಿಡುತ್ತೇವೆ. ಮಧ್ಯಾಹ್ನ ಮನೆಗೆ ಬರುವಾಗ ಆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು, ಬಿಸಿಲಿನಲ್ಲಿ, ನೂರು ಕಿಲೋಮೀಟರ್ ತುಳಿದ ಕಾಲಿನಲ್ಲಿ. ಕೆ.ಆರ್.ಎಸ್.ನಿಂದ ಮೈಸೂರಿಗೆ ಬರುವ ರಸ್ತೆಯ ಏರು ಕಣ್ಣಿಗೆ ಕಾಣುವುದೇ ಇಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಕಾರಿನಲ್ಲಿ ಓಡಾಡಿದವರನ್ನು ಕೇಳಿ ನೋಡಿ, ಅಲ್ಲೊಂದು ಏರಿದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ.

ಹೀಗಾಗಿ ಈ ಇಡೀ ಮಾರ್ಗದರ್ಶಿಯನ್ನು ಒಂದೇ ಗುಟ್ಟಿನ ಸುತ್ತ ಬರೆದಿದ್ದೇನೆ: ಬೆಳಿಗ್ಗೆ ಕಾಲನ್ನು ಉಳಿಸಿಕೊಳ್ಳಿ.

ಯಾವ ಕಡೆಯಿಂದ ಸುತ್ತಬೇಕು, ಯಾವಾಗ

ನಾನು ಹೇಳುತ್ತಿರುವ ದಾರಿ ಅಪ್ರದಕ್ಷಿಣೆ. ಮೇಲುಕೋಟೆಗೆ ಹೋಗುವಾಗ ಹೀಗೆ ಸುತ್ತುವುದು ಸರಿಯಲ್ಲ ಎಂದು ಹಿರಿಯರು ಮುಖ ಸಿಂಡರಿಸಬಹುದು. ಆದರೆ ಸೈಕಲ್ಲಿಗೆ ಇದೇ ಸರಿ. ಬೆಂಗಳೂರು ರಸ್ತೆಯ ಗದ್ದಲ ಏಳುವ ಮೊದಲೇ ಶ್ರೀರಂಗಪಟ್ಟಣ ದಾಟಿಬಿಡಬಹುದು. ಬೆಟ್ಟದ ಏರು ತಂಪಿನಲ್ಲಿ ಸಿಗುತ್ತದೆ. ಭಾನುವಾರ ಸಂಜೆ ಬೃಂದಾವನದ ಕಾರಂಜಿ ನೋಡಲು ಬರುವ ಕಾರು, ಬಸ್ಸುಗಳ ಸಾಲು ಶುರುವಾಗುವ ಹೊತ್ತಿಗೆ ನೀವು ಕೆ.ಆರ್.ಎಸ್. ರಸ್ತೆ ಬಿಟ್ಟು ಮನೆ ಸೇರಿರುತ್ತೀರಿ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಕೆರೆ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ, ಹನ್ನೊಂದು ಗಂಟೆಯ ಬಿಸಿಲನ್ನೂ ತಡೆದುಕೊಳ್ಳಬಹುದು. ಮಾರ್ಚ್ ಬಂದರೆ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಮುಚ್ಚಿಕೊಂಡು ತಂಪಾಗಿರುತ್ತದೆ ನಿಜ, ಆದರೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ತೊಣ್ಣೂರಿನಿಂದ ಕೆ.ಆರ್.ಎಸ್. ಕಡೆಗೆ ಹೋಗುವಾಗ ಅದು ಎದೆಗೇ ಬಡಿಯುತ್ತದೆ; 18ರ ವೇಗ 13ಕ್ಕೆ ಇಳಿಯುತ್ತದೆ. ಗಾಳಿಯೂ ಒಂದು ಬೆಟ್ಟವೇ.

ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆ ರಸ್ತೆಗೆ ಹೋಗಲೇಬೇಡಿ. ಭಕ್ತರ ಸಾಗರವೇ ಹರಿದು ಬರುತ್ತದೆ, ಆ ದಿನ ಆ ದಾರಿ ಅವರದು.

ಆರು ವಾರದ ತಯಾರಿ

ಮೊದಲ ಎರಡು ವಾರ, ವಾರಕ್ಕೊಂದು ಸಲ ಮೈಸೂರಿನಿಂದ ಕೆ.ಆರ್.ಎಸ್.ಗೆ ಹೋಗಿ ಬನ್ನಿ, ಹೋಗಿ ಬಂದರೆ 40 ಕಿಲೋಮೀಟರ್. ಕೊನೆಯ ಏರಿನ ಪರಿಚಯ ಆಗಲೇ ಆಗಿಬಿಡುತ್ತದೆ. ಮೂರು, ನಾಲ್ಕನೆಯ ವಾರ ಪಾಂಡವಪುರದವರೆಗೆ ಹೋಗಿ ಬನ್ನಿ. ಇದರ ಜೊತೆಗೆ ವಾರದ ನಡುವೆ ಒಂದು ಬೆಳಿಗ್ಗೆ ಚಾಮುಂಡಿ ಬೆಟ್ಟ. ನಮ್ಮೂರಿನಲ್ಲೇ ಅಂಥ ಬೆಟ್ಟ ಇರುವುದು ಮೈಸೂರಿನವರ ಭಾಗ್ಯ. ಬೆಂಗಳೂರಿನ ಗೆಳೆಯರು ಏರು ಹತ್ತುವ ಅಭ್ಯಾಸಕ್ಕೆ ನಂದಿಬೆಟ್ಟದವರೆಗೆ ಹೋಗಬೇಕು, ನಾವು ಆಫೀಸಿಗೆ ಹೋಗುವ ಮೊದಲೇ ಹತ್ತಿ ಇಳಿಯಬಹುದು. ಐದನೆಯ ವಾರ ಎರಡು ಸಲ ಚಾಮುಂಡಿ ಬೆಟ್ಟ, ಭಾನುವಾರ ಒಂದು 80 ಕಿಲೋಮೀಟರ್ ಸವಾರಿ. ಆರನೆಯ ವಾರ ಕಡಿಮೆ ಮಾಡಿ. ಸವಾರಿಯ ಹಿಂದಿನ ಎರಡು ದಿನ ಸೈಕಲ್ ಮುಟ್ಟದಿದ್ದರೂ ನಷ್ಟವಿಲ್ಲ, ನಿದ್ದೆ ಕೆಡಿಸಿಕೊಳ್ಳಬೇಡಿ.

ಚಾಮುಂಡಿ ಬೆಟ್ಟ ಹತ್ತುವಾಗ ಕಲಿಯಬೇಕಾದ್ದು ವೇಗವಲ್ಲ, ಉಸಿರು. ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ನೀವು ಸರಿಯಾದ ಗತಿಯಲ್ಲಿದ್ದೀರಿ. ಪದ ತುಂಡಾಗುತ್ತಿದ್ದರೆ ಗೇರು ಇಳಿಸಿ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ಬೇಗ ಕಾಲು ತಿರುಗಿಸುವುದು ಮಂಡಿಗೂ ಒಳ್ಳೆಯದು, ಸಂಜೆಗೂ ಒಳ್ಳೆಯದು.

ಸೈಕಲ್ಲು, ಚೀಲ

ರೋಡ್ ಬೈಕ್ ಇದ್ದರೆ ಮುಂದೆ 34 ಹಲ್ಲಿನ ಸಣ್ಣ ಚೈನ್‌ರಿಂಗ್, ಹಿಂದೆ 32 ಅಥವಾ 34 ಹಲ್ಲಿನವರೆಗೆ ಹೋಗುವ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಇರಲಿ. ಹೈಬ್ರಿಡ್, ಎಂ.ಟಿ.ಬಿ. (ಮೌಂಟನ್ ಬೈಕ್) ಇರುವವರಿಗೆ ಗೇರಿನ ಚಿಂತೆಯೇ ಇಲ್ಲ. ಟೈರು 28 ಮಿಲಿಮೀಟರಿಗಿಂತ ಸಣ್ಣದು ಬೇಡ, 32 ಆದರೆ ಇನ್ನೂ ಹಿತ. ಹಳ್ಳಿ ರಸ್ತೆಯ ಅಂಚಿನಲ್ಲಿ ಜಾಲಿ ಮುಳ್ಳು ಬಿದ್ದಿರುತ್ತದೆ, ತೆಳು ಟೈರು ಒಂದು ಮುಳ್ಳಿಗೂ ತಡೆಯುವುದಿಲ್ಲ.

ಚೀಲದಲ್ಲಿ ಎರಡು ಟ್ಯೂಬು, ಪ್ಯಾಚು, ಟೈರ್ ಲಿವರ್, ಪಂಪು, ಮಲ್ಟಿಟೂಲ್, ಚೈನಿನ ಕ್ವಿಕ್ ಲಿಂಕ್. ನಿಮ್ಮ ಟ್ಯೂಬಿಗೆ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಎರಡು ಹಿತ್ತಾಳೆ ಅಡಾಪ್ಟರ್ ಮರೆಯಬೇಡಿ. ಹಳ್ಳಿಯ ಪಂಕ್ಚರ್ ಅಂಗಡಿಯವರು ಗಾಳಿ ಹೊಡೆಯಲು ಸದಾ ಸಿದ್ಧ, ಆದರೆ ಅವರ ಗಾಳಿ ಪೈಪು ಸ್ಕೂಟರಿನ ಮೂತಿಗೆ ಮಾತ್ರ ಕೂರುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ಕೊನೆಗೆ ಒಂದು ತೆಳು ಪಂಚೆ, ಮಡಿಸಿದರೆ ಅಂಗೈಯಷ್ಟು ಆಗುವಂಥದ್ದು. ಮೇಲುಕೋಟೆಯಲ್ಲಿ ಸೈಕಲ್ ಚಡ್ಡಿಯ ಮೇಲೆ ಸುತ್ತಿಕೊಂಡರೆ ದೇವಸ್ಥಾನದ ಬಾಗಿಲಲ್ಲಿ ಸಂಕೋಚಪಡಬೇಕಿಲ್ಲ.

ಹೊಟ್ಟೆ, ನೀರು

ಹಿಂದಿನ ರಾತ್ರಿ ಅನ್ನವೋ ಮುದ್ದೆಯೋ, ರೂಢಿಯಾದದ್ದನ್ನೇ ತಿನ್ನಿ. ಬೆಳಿಗ್ಗೆ ಹೊರಡುವ ಮೊದಲು ಎರಡು ಬಾಳೆಹಣ್ಣು ಸಾಕು. ಆಮೇಲೆ ಹಸಿವಾಗುವವರೆಗೆ ಕಾಯಬಾರದು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗುತ್ತಿರಬೇಕು. ಗಂಟೆಗೊಂದು ದೊಡ್ಡ ಬಾಳೆಹಣ್ಣು, ಜೊತೆಗೆ ಒಂದು ತುಂಡು ಬೆಲ್ಲ ಎಂದರೆ ಲೆಕ್ಕ ಸರಿಹೋಗುತ್ತದೆ. ಪರದೇಶದ ಎನರ್ಜಿ ಜೆಲ್ ಕೊಳ್ಳುವ ಅಗತ್ಯ ಇಲ್ಲ. ಮಂಡ್ಯ ಜಿಲ್ಲೆಯಲ್ಲಿ ಸೈಕಲ್ ತುಳಿಯುತ್ತ ಬೆಲ್ಲಕ್ಕೆ ಬರವೇ? ಅಚ್ಚು ಬೆಲ್ಲವನ್ನು ಅಡಿಕೆಯಷ್ಟು ತುಂಡು ಮಾಡಿ, ಕಡಲೆಬೀಜದ ಜೊತೆ ಸಣ್ಣ ಕವರಿನಲ್ಲಿ ಕಟ್ಟಿಕೊಂಡು ಬೆನ್ನಿನ ಜೇಬಿಗೆ ಹಾಕಿಕೊಳ್ಳಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಎರಡು ಬಾಟಲಿಯಲ್ಲಿ ಒಂದು ಬರೀ ನೀರು, ಇನ್ನೊಂದು ಉಪ್ಪು ಸಕ್ಕರೆ ಬೆರೆಸಿದ ನೀರು. ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ತಲೆಮಟ್ಟ. ಒಂದಿಷ್ಟು ನಿಂಬೆ ಹಿಂಡಿದರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಪಾಂಡವಪುರ, ಮೇಲುಕೋಟೆ, ತೊಣ್ಣೂರು, ಕೆ.ಆರ್.ಎಸ್., ಈ ನಾಲ್ಕು ಕಡೆಯೂ ಬಾಟಲಿ ತುಂಬಿಸಿಕೊಳ್ಳಿ, ಅರ್ಧ ಉಳಿದಿದ್ದರೂ ಸರಿ.

ಹಂತ 1: ಮೈಸೂರಿನಿಂದ ಶ್ರೀರಂಗಪಟ್ಟಣ, 16 ಕಿಲೋಮೀಟರ್

ಬೆಳಿಗ್ಗೆ 5.30ಕ್ಕೆ ಹೊರಡಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತಬಾರದು. 2023ರ ಆಗಸ್ಟ್‌ನಿಂದ ಅಲ್ಲಿ ದ್ವಿಚಕ್ರ ವಾಹನ, ಆಟೋ ಮುಂತಾದ ನಿಧಾನಗತಿಯ ವಾಹನಗಳಿಗೆ ನಿಷೇಧವಿದೆ, ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಸಾಗಿ. ಅಲ್ಲಿ ಎದುರು ಬದಿಯಿಂದ ಬೈಕುಗಳು ಬರುವ ರೂಢಿಯುಂಟು, ಕತ್ತಲಲ್ಲಿ ಎಚ್ಚರ ಇರಲಿ.

ಈ ಹಂತದಲ್ಲಿ ನಿಮಗಿರುವುದು ಒಂದೇ ಕೆಲಸ: ತಡೆದುಕೊಳ್ಳುವುದು. ಹಿಂದಿನಿಂದ ಯಾರಾದರೂ ಸೈಕಲ್ ಗುಂಪು ಗಾಳಿಯಂತೆ ದಾಟಿಹೋದರೆ ಹೋಗಲಿ. ಅವರು ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದು ಹಿಂದಿರುಗುವವರಿರಬಹುದು. ನೀವು ಮೇಲುಕೋಟೆಗೆ ಹೋಗುವವರು.

ಊರು ಸೇರುವ ಹೊತ್ತಿಗೆ ಪೂರ್ವದಲ್ಲಿ ಕರಿಘಟ್ಟದ ಹಿಂದೆ ಬೆಳಕು ಹರಿಯುತ್ತಿರುತ್ತದೆ. 1804ರ ಹಳೆಯ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಲು ಐದು ನಿಮಿಷ ಕೊಡಬಹುದು. ಇಲ್ಲಿ ಊಟ ತಿಂಡಿಗೆ ಕೂರಬೇಡಿ, ಹೊತ್ತು ಏರಿದರೆ ಬಿಸಿಲು ಬೆಟ್ಟದಲ್ಲಿ ಕಾದು ಕೂತಿರುತ್ತದೆ.

ಹಂತ 2: ಪಾಂಡವಪುರದ ಮೇಲೆ ಜಕ್ಕನಹಳ್ಳಿ, ಸುಮಾರು 30 ಕಿಲೋಮೀಟರ್

ಶ್ರೀರಂಗಪಟ್ಟಣ ದಾಟಿದ ಮೇಲೆ ಕಿರಂಗೂರಿನಲ್ಲಿ ಎಡಕ್ಕೆ. ಬೆಂಗಳೂರು ರಸ್ತೆಯ ಸದ್ದು ಹಿಂದಾಯಿತೆಂದರೆ ಸವಾರಿ ನಿಜವಾಗಿ ಶುರುವಾಯಿತು. ಎರಡೂ ಬದಿ ಕಬ್ಬು, ಭತ್ತ. ನಾಲೆ ನೀರಿನ ತಂಪು ಮೊಣಕಾಲಿಗೆ ತಾಗುತ್ತದೆ. ಈ ಹಸಿರೆಲ್ಲ ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊಡುಗೆ. ಮಧ್ಯಾಹ್ನ ಆ ಕಟ್ಟೆಯನ್ನೇ ನೋಡಲಿದ್ದೀರಿ.

ಪಾಂಡವಪುರ ಬರುವ ಮೊದಲೇ ಕುಂತಿಬೆಟ್ಟದ ಬಂಡೆಗಳು ಕಾಣುತ್ತವೆ. ಈ ಊರಿನ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇನೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಇಲ್ಲಿ ಒಂದು ಕಾಫಿ, ಎರಡು ಇಡ್ಲಿ. ಹೊಟ್ಟೆ ತುಂಬ ತಿಂದರೆ ಮುಂದೆ ಕಷ್ಟ.

ಪಾಂಡವಪುರದಿಂದ ನಾಗಮಂಗಲ ರಸ್ತೆ. ಇಲ್ಲಿಂದ ನೆಲ ಸುಮ್ಮನಿರುವುದಿಲ್ಲ. ಸಣ್ಣ ಏರು, ಸಣ್ಣ ಇಳಿಜಾರು, ಮತ್ತೆ ಏರು. ಒಂದೊಂದೂ ಚಿಕ್ಕದೇ, ಆದರೆ ಎಲ್ಲವನ್ನೂ ಕೂಡಿದರೆ ಬೆಟ್ಟ ಬರುವ ಮೊದಲೇ ಅರ್ಧ ಬೆಟ್ಟ ಹತ್ತಿರುತ್ತೀರಿ. ಗೇರು ಬದಲಿಸಲು ಬೇಸರಪಡಬೇಡಿ. ನೀರಾವರಿ ಮುಗಿದು ರಾಗಿ, ಹುರುಳಿ, ತೆಂಗಿನ ತೋಟ ಶುರುವಾಗುವುದನ್ನು ಗಮನಿಸಿ. ನಾಲೆ ಎಲ್ಲಿ ನಿಂತಿತು ಎಂದು ಯಾರನ್ನೂ ಕೇಳಬೇಕಿಲ್ಲ, ಮಣ್ಣಿನ ಬಣ್ಣವೇ ಹೇಳುತ್ತದೆ.

ಹುರುಳಿ ಎಂದಾಗ ಒಂದು ಮಾತು ವಿವರವಾಗಿ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ರೈತರು ಹುರುಳಿ, ರಾಗಿಯನ್ನು ರಸ್ತೆಗೇ ಹರವಿರುತ್ತಾರೆ, ವಾಹನಗಳ ಚಕ್ರ ಹರಿದು ಕಾಳು ಉದುರಲಿ ಎಂದು. ಲಾರಿಗೆ ಅದರಿಂದ ಏನೂ ಆಗುವುದಿಲ್ಲ. ಸೈಕಲ್ಲಿಗೆ ಅದು ಬಲೆ. ಒಂದು ಜನವರಿಯಲ್ಲಿ ಜಕ್ಕನಹಳ್ಳಿಗೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ನಾನು ಪಕ್ಕಕ್ಕೆ ಸರಿಯದೆ ನೇರ ಅದರ ಮೇಲೇ ಹೋದೆ. ಹತ್ತು ಮಾರು ಹೋಗುವಷ್ಟರಲ್ಲಿ ಪೆಡಲು ಕಲ್ಲಿನಂತೆ ನಿಂತಿತು. ಇಳಿದು ನೋಡಿದರೆ ಹುರುಳಿ ಬಳ್ಳಿ ಕ್ಯಾಸೆಟ್ಟಿಗೂ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಸಣ್ಣ ಚಕ್ರಗಳಿಗೂ ಹಗ್ಗ ಹೊಸೆದಂತೆ ಸುತ್ತಿಕೊಂಡಿದೆ. ನಾನು ಗಾಬರಿಯಲ್ಲಿ ಬಳ್ಳಿಯ ತುದಿ ಹಿಡಿದು ಜಗ್ಗತೊಡಗಿದೆ. ಮೊರದಲ್ಲಿ ತೂರುತ್ತಿದ್ದ ಹಿರಿಯರೊಬ್ಬರು ಅಲ್ಲಿಂದಲೇ ಕೂಗಿದರು:

"ಎಳೀಬ್ಯಾಡ ಕಣ್ ಮಗ, ಎಳೀಬ್ಯಾಡ! ಮುಂದ್ಕೆ ಎಳುದ್ರೆ ಇನ್ನೂ ಬಿಗಿಯಾಯ್ತದೆ. ಚಕ್ರ ಹಿಂದ್ಕೆ ತಿರುಗ್ಸು."

"ತಿರುಗ್ತಾ ಇಲ್ಲ ಯಜಮಾನ್ರೇ."

"ತಡಿ, ಬಂದೆ."

ಕುಡುಗೋಲು ತಂದು, ಸೈಕಲ್ಲನ್ನು ಬುಡಮೇಲು ಮಾಡಿಸಿ, ಕೇಬಲ್ಲಿಗೆ ಒಂದಿಷ್ಟೂ ತಾಗದಂತೆ ಬಳ್ಳಿಯನ್ನು ಎರಡು ಕಡೆ ಮಾತ್ರ ಕುಯ್ದರು. ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸಿದಂತೆ ಬಳ್ಳಿ ತುಂಡು ತುಂಡಾಗಿ ಬಿಟ್ಟುಕೊಂಡಿತು. ಡಿರೇಲರನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಒಂದು ಕೂದಲೆಳೆಯಷ್ಟು ಬಾಗಿತ್ತು. ಆ ದಿನ ಪೂರ್ತಿ ಹಿಂದಿನ ಅತಿ ದೊಡ್ಡ ಗೇರನ್ನು ಮುಟ್ಟದೆ ಮುಗಿಸಿದೆ. ಅಲ್ಲಿಂದೀಚೆಗೆ ನನ್ನ ನಿಯಮ: ರಸ್ತೆಯ ಮೇಲೆ ಒಕ್ಕಣೆ ಕಂಡರೆ ದೂರದಲ್ಲೇ ಹಿಂದೆ ಮುಂದೆ ನೋಡಿ ಪಕ್ಕಕ್ಕೆ ಸರಿ, ಜಾಗವಿಲ್ಲದಿದ್ದರೆ ಇಳಿದು ಸೈಕಲ್ಲನ್ನು ಹೊತ್ತು ದಾಟು. ಬ್ರೇಕು ಮಾತ್ರ ಹಿಡಿಯಬೇಡಿ, ಒಣ ರಾಗಿ ಹುಲ್ಲಿನ ಮೇಲೆ ಟೈರು ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ.

ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಬಗ್ಗೆಯೂ ಜಾಗ್ರತೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರನ್ನು ದಾಟುವಾಗ ಹಿಂದಿನ ಟ್ರೇಲರ್ ಓಲಾಡುವುದನ್ನು ನೋಡಿಕೊಂಡೇ ದಾಟಿ, ಕಬ್ಬಿನ ತುದಿ ರಸ್ತೆಯ ಅರ್ಧದವರೆಗೂ ಚಾಚಿರುತ್ತದೆ. ಹಳ್ಳಿ ಶುರುವಾಗುವಲ್ಲಿ ಬಣ್ಣ ಬಳಿಯದ ಹಂಪು ಇದ್ದೇ ಇರುತ್ತದೆ ಎಂದುಕೊಂಡೇ ಇಳಿಜಾರು ಇಳಿಯಿರಿ.

ಹಂತ 3: ಜಕ್ಕನಹಳ್ಳಿಯಿಂದ ಮೇಲುಕೋಟೆ, ಸುಮಾರು 6 ಕಿಲೋಮೀಟರ್

ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗುವ ಮೊದಲು ನಿಲ್ಲಿ. ನೀರು ಕುಡಿದು, ಬೆಲ್ಲ ಬಾಯಿಗೆ ಹಾಕಿಕೊಂಡು, ಜಾಕೆಟ್ ತೆಗೆದು ಚೀಲಕ್ಕೆ ತುರುಕಿ. ಏರಿನ ನಡುವೆ ಇದನ್ನೆಲ್ಲ ಮಾಡಲು ಮನಸ್ಸು ಬರುವುದಿಲ್ಲ.

ಮೊದಲರ್ಧ ಮೆತ್ತಗೆ ಏರುತ್ತದೆ. ಆಮೇಲೆ ತಿರುವುಗಳು. ತಿರುವಿನ ಒಳಮಗ್ಗುಲು ಕಡಿದು, ಹೊರಮಗ್ಗುಲು ಸಪಾಟು. ಎದುರಿನಿಂದ ವಾಹನ ಬರುತ್ತಿಲ್ಲ ಎಂದು ಖಚಿತವಾದರೆ ನಿಮ್ಮ ಬದಿಯಲ್ಲೇ ಇದ್ದು ಆದಷ್ಟು ಹೊರಗಿನ ಗೆರೆ ಹಿಡಿಯಿರಿ. ಸೀಟಿನ ಮೇಲೆ ಕೂತೇ ತುಳಿಯಿರಿ. ಬೆನ್ನು ನೋಯತೊಡಗಿದರೆ ಹತ್ತು ಸುತ್ತು ಎದ್ದು ನಿಂತು ತುಳಿದು ಮತ್ತೆ ಕೂತುಕೊಳ್ಳಿ. ಮುಂದಿನ ತಿರುವನ್ನು ನೋಡಬೇಡಿ, ಮುಂದಿನ ಹತ್ತು ಮಾರು ನೋಡಿ.

ಸುತ್ತಲಿನ ಕುರುಚಲು ಕಾಡು ಮೇಲುಕೋಟೆ ವನ್ಯಜೀವಿಧಾಮಕ್ಕೆ ಸೇರಿದ್ದು. ತೋಳಗಳಿಗಾಗಿಯೇ 1974ರಲ್ಲಿ ಘೋಷಿಸಿದ ಧಾಮ ಇದು, ಸುಮಾರು 50 ಚದರ ಕಿಲೋಮೀಟರ್. ನನಗೆ ಇದುವರೆಗೆ ತೋಳ ಕಂಡಿಲ್ಲ, ನವಿಲಂತೂ ಪ್ರತಿ ಸಲವೂ ರಸ್ತೆ ದಾಟುತ್ತವೆ. ಚಿರತೆಯೂ ಇರುವ ಕಾಡಾದ್ದರಿಂದ ಕತ್ತಲಲ್ಲಿ ಈ ಏರು ಬೇಡ. ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹತ್ತುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಈ ಬೆಟ್ಟದಲ್ಲಿ ಚೈನಿನ ಸದ್ದು, ನಿಮ್ಮ ಉಸಿರು, ಹಕ್ಕಿಗಳ ಕೂಗು ಇಷ್ಟೇ ಕೇಳಬೇಕು.

ಬೆಟ್ಟದ ತುದಿಯ ಯೋಗಾನರಸಿಂಹನ ಗೋಪುರ ಕಂಡಿತೆಂದರೆ ಮುಗಿಯಿತು. ಎಂಟೂವರೆ, ಒಂಬತ್ತರೊಳಗೆ ಊರು ಸೇರಿದರೆ ನಿಮ್ಮ ಗತಿ ಸರಿಯಾಗಿದೆ. ಇಲ್ಲಿ ಒಂದು ಗಂಟೆ ಪೂರ್ತಿ ವಿಶ್ರಾಂತಿ. ಪುಳಿಯೋಗರೆ ತಿನ್ನದೆ ಮೇಲುಕೋಟೆಯಿಂದ ಇಳಿಯುವುದುಂಟೇ? ಅನ್ನ, ಎಣ್ಣೆ, ಹುಣಸೆ, ಉಪ್ಪು, ಬೆಲ್ಲ, ಕಡಲೆಬೀಜ ಒಟ್ಟಿಗೆ ಇರುವ ಆ ತಿಂಡಿ ಬೆವರು ಹರಿಸಿ ಬಂದವರಿಗಾಗಿಯೇ ಮಾಡಿದಂತಿದೆ. ತಿಂದು ಕಲ್ಯಾಣಿಯ ಮೆಟ್ಟಿಲಿನ ಮೇಲೆ, ಮಂಟಪದ ನೆರಳಿನಲ್ಲಿ ಕಾಲು ಚಾಚಿ ಕೂತುಬಿಡಿ. ಹಸಿರು ನೀರು, ಮೇಲೆ ಬಂಡೆ, ಬಂಡೆಯ ಮೇಲೆ ಗುಡಿ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ಇಲ್ಲಿದ್ದರೆಂದು ಹೇಳುತ್ತಾರೆ. ಇಲ್ಲಿ ಒಂದು ಗಂಟೆ ಕೂತವರಿಗೆ ಅದು ಅರ್ಥವಾಗುತ್ತದೆ.

ಚೆಲುವನಾರಾಯಣನ ದರ್ಶನ ಮಾಡಿಕೊಂಡು ಬರಬಹುದು, ಸಪಾಟು ನೆಲ. ಆದರೆ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ಈ ದಿನ ಹತ್ತಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹತ್ತುವಾಗ ಏನೂ ಅನಿಸುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯುಗಳ ಮೇಲೆ ಬೀಳುವ ಪೆಟ್ಟು ಬೆಳಗೊಳದ ಹತ್ತಿರ ಸಾಲಗಾರನಂತೆ ಬಂದು ನಿಲ್ಲುತ್ತದೆ. ನರಸಿಂಹನಿಗೆ ಕೆಳಗಿನಿಂದಲೇ ಕೈಮುಗಿದು, ಇನ್ನೊಂದು ದಿನ ಮನೆಯವರ ಜೊತೆ ಬನ್ನಿ.

ಹಂತ 4: ಇಳಿದು ತೊಣ್ಣೂರಿಗೆ, ಸುಮಾರು 20 ಕಿಲೋಮೀಟರ್

ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಕೋತಿ, ಮೇಕೆ, ಬಸ್ಸು ಮೂರೂ ತಿರುವಿನ ಆಚೆ ಇರಬಹುದು.

ಜಕ್ಕನಹಳ್ಳಿಯಲ್ಲಿ ಬಲಕ್ಕೆ ತಿರುಗಿ ಪಾಂಡವಪುರದ ಕಡೆಗೇ ಹಿಂದಿರುಗಿ, ಕೆರೆತೊಣ್ಣೂರಿನ ಫಲಕ ಕಂಡಲ್ಲಿ ಬಲಕ್ಕೆ ಹೊರಳಿ. ಮ್ಯಾಪ್ ನೋಡುವುದಕ್ಕಿಂತ "ಅಣ್ಣಾ, ತೊಣ್ಣೂರು ಕೆರೆಗೆ ದಾರಿ?" ಎಂದು ಕೇಳುವುದು ವಾಸಿ. ಮ್ಯಾಪು ಕೆಲವೊಮ್ಮೆ ಗದ್ದೆ ಬದುವಿಗೂ ಕಳಿಸುತ್ತದೆ.

ತೊಣ್ಣೂರು ಈ ಸುತ್ತಿನ ಹೃದಯ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು, ಸುತ್ತಲೂ ಬೋಳು ಬಂಡೆ. ಗಾಳಿ ಇಲ್ಲದ ಬೆಳಿಗ್ಗೆ ಗುಡ್ಡಗಳ ಪ್ರತಿಬಿಂಬ ಅಲುಗಾಡದೆ ನಿಂತಿರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಗೆ ಬಂದ ದಖನ್ನಿನ ನಾಸಿರ್ ಜಂಗ್ ಈ ನೀರಿನ ತಿಳಿಯನ್ನು ಕಂಡೇ ಇದನ್ನು ಮೋತಿ ತಲಾಬ್, ಮುತ್ತಿನ ಕೆರೆ, ಎಂದು ಕರೆದನಂತೆ. ಊರಿನೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವಿದೆ. ಅದರ ಕಂಬಗಳ ತಂಪಿನಲ್ಲಿ ಹತ್ತು ನಿಮಿಷ ನಿಂತರೆ ಮೈ ಬಿಸಿ ಇಳಿಯುತ್ತದೆ.

ಎಷ್ಟೇ ಸೆಕೆಯಾದರೂ ಕೆರೆಗೆ ಇಳಿಯಬೇಡಿ. ನೀರು ತಿಳಿಯಾಗಿರುವುದರಿಂದ ಆಳ ಗೊತ್ತಾಗುವುದಿಲ್ಲ, ಅಂಚಿನ ಬಂಡೆಗಳು ಪಾಚಿಗಟ್ಟಿರುತ್ತವೆ. ಈಜು ಬಲ್ಲವರೇ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಸೈಕಲ್ ತುಳಿದ ಕಾಲಿಗೆ ತಣ್ಣೀರಿನಲ್ಲಿ ಸೆಳೆತ ಬೇಗ ಹಿಡಿಯುತ್ತದೆ ಎಂಬುದೂ ನೆನಪಿರಲಿ. ಬಾಟಲಿ ನೀರನ್ನೇ ತಲೆಗೆ ಸುರಿದುಕೊಂಡರೆ ಸಾಕು.

ಇಲ್ಲಿ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿ. ಗಂಟೆ ಹನ್ನೊಂದೂವರೆ ದಾಟಿದೆಯೇ? ಎರಡು ತಾಸಿನಿಂದ ಮೂತ್ರಕ್ಕೆ ಹೋಗಿಲ್ಲವೇ? ತಲೆ ಭಾರವಾಗಿದೆಯೇ? ಇವುಗಳಲ್ಲಿ ಎರಡಕ್ಕೆ ಹೌದೆಂದರೆ ಕೆ.ಆರ್.ಎಸ್. ಬಿಟ್ಟುಬಿಡಿ. ಪಾಂಡವಪುರ ಇಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಇದೆ, ಅಲ್ಲಿ ಲಗೇಜ್ ಆಟೋ ಮಾತಾಡಿಕೊಂಡು ಸೈಕಲ್ ಹೇರಿಕೊಂಡು ಬರಬಹುದು. ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡಿರಿ. ಬಿದ್ದು ಪೆಟ್ಟಾದರೆ ಆಂಬುಲೆನ್ಸಿಗೆ 108.

ಹಂತ 5: ಚಿನಕುರಳಿ, ಕೆ.ಆರ್.ಎಸ್., ಸುಮಾರು 22 ಕಿಲೋಮೀಟರ್

ತೊಣ್ಣೂರಿನಿಂದ ಚಿನಕುರಳಿ ಕಡೆಗೆ ಹಳ್ಳಿ ರಸ್ತೆ. ಕೆಲವು ಕಡೆ ಟಾರು ಕಿತ್ತಿರುತ್ತದೆ, ವೇಗದ ಆಸೆ ಬಿಡಿ. 1771ರಲ್ಲಿ ಮರಾಠರಿಗೂ ಹೈದರನಿಗೂ ದೊಡ್ಡ ಕಾಳಗ ನಡೆದು ಹೈದರ್ ಸೋತದ್ದು ಇದೇ ಬಯಲಿನಲ್ಲಿ. ಈಗ ಎಮ್ಮೆ ಮೇಯುತ್ತಿರುತ್ತವೆ. ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ನಿಲ್ಲಿ. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿನ ವಾಸನೆಗೆ ಅರ್ಧ ದಣಿವು ಹೋಗುತ್ತದೆ. ಕೇಳಿದರೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸುವವರು ಈ ಕಡೆ ಕಡಿಮೆ.

ನಾಲೆ ಏರಿಯ ಮೇಲಿನ ರಸ್ತೆ ಸಿಕ್ಕರೆ ನಾಲೆಯ ಅಂಚಿಗೆ ಹೋಗಬೇಡಿ, ಫೋಟೋಗೆಂದು ತಡೆಗೋಡೆಯ ಮೇಲೆ ಸೈಕಲ್ ಒರಗಿಸಬೇಡಿ. ಇದೇ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರಿನಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಆ ನೀರಿನ ಸೆಳೆತವನ್ನು ಈ ಕಡೆಯವರು ಮರೆತಿಲ್ಲ.

ಕೆ.ಆರ್.ಎಸ್. ಅಣೆಕಟ್ಟೆಯ ಮೇಲೆ ಸಾರ್ವಜನಿಕರ ವಾಹನ ಬಿಡುವುದಿಲ್ಲ, ಕೆಳಗಿನ ಸೇತುವೆ ದಾಟಿ ಬರಬೇಕು. ಅಲ್ಲಿಂದ ಕಾಣುವುದು ಗೋಡೆ, ನೀರಲ್ಲ. ಆದರೆ ಎಂಥ ಗೋಡೆ! 1911ರಲ್ಲಿ ಶುರುವಾಗಿ ಎರಡು ದಶಕ ಹಿಡಿದ ಕೆಲಸ, ಎರಡೂವರೆ ಕಿಲೋಮೀಟರಿಗೂ ಉದ್ದ, ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ತುಂಬಿದಾಗ 124.80 ಅಡಿ, 49 ಟಿ.ಎಂ.ಸಿ.ಗೂ ಮಿಕ್ಕಿ ನೀರು. ಬೆಳಿಗ್ಗೆಯಿಂದ ನೀವು ದಾಟಿ ಬಂದ ಕಬ್ಬು, ಭತ್ತ, ಬೆಲ್ಲ ಎಲ್ಲದರ ಮೂಲ ಇದರ ಹಿಂದಿದೆ. ಹಿನ್ನೀರು ನೋಡುವ ಆಸೆ ಇದ್ದರೆ ಹೊಸಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೆ ಬೇರೆಯದೇ ದಿನ ಇಟ್ಟುಕೊಳ್ಳಿ. ಮುಳುಗಡೆಯಾಗಿದ್ದ ಗುಡಿಯನ್ನು ಕಲ್ಲು ಕಲ್ಲಾಗಿ ಎತ್ತಿ ದಡದಲ್ಲಿ ಮತ್ತೆ ಕಟ್ಟಿದ್ದಾರೆ, ಅವಸರದಲ್ಲಿ ನೋಡುವಂಥದ್ದಲ್ಲ.

ಸೇತುವೆ ದಾಟಿದ ಮೇಲೆ ಹಸಿವಿಲ್ಲದಿದ್ದರೂ ತಿನ್ನಿ. ಒಂದು ಎಳನೀರು, ಗಂಜಿ ಸಮೇತ. ಎರಡು ಬಾಳೆಹಣ್ಣು. ಕಾಲು ಗಂಟೆ ನೆರಳು.

ಹಂತ 6: ಮನೆಗೆ, ಸುಮಾರು 20 ಕಿಲೋಮೀಟರ್

ಈ ಹಂತದಲ್ಲೇ ಒಮ್ಮೆ ನನ್ನ ಜೊತೆ ಬಂದ ಗೆಳೆಯ ಬೆಳಗೊಳ ದಾಟುತ್ತಿದ್ದಂತೆ ಏನೂ ಮಾತಾಡದೆ ಸೈಕಲ್ ನಿಲ್ಲಿಸಿ ಹುಣಸೆ ಮರದ ಬುಡಕ್ಕೆ ಒರಗಿಬಿಟ್ಟ. ಕೈ ನಡುಗುತ್ತಿತ್ತು, ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ. ಆತ ಬೆಟ್ಟವನ್ನು ನನಗಿಂತ ಹತ್ತು ನಿಮಿಷ ಮೊದಲು ಹತ್ತಿದ್ದ, ಕೆ.ಆರ್.ಎಸ್.ನಲ್ಲಿ ಏನೂ ತಿಂದಿರಲಿಲ್ಲ. ಜೇಬಿನಲ್ಲಿ ಉಳಿದಿದ್ದ ಬೆಲ್ಲ ಕೊಟ್ಟೆ. ನಾಲ್ಕು ತುಂಡು ಬೆಲ್ಲ, ಅರ್ಧ ಬಾಟಲಿ ನೀರು, ಇಪ್ಪತ್ತು ನಿಮಿಷ. ಮುಖಕ್ಕೆ ಬಣ್ಣ ಬಂತು. ಆಮೇಲೆ ಗಂಟೆಗೆ 12ರ ವೇಗದಲ್ಲಿ ಮಾತಾಡುತ್ತ ಮನೆ ಸೇರಿದೆವು. ಯಾರಿಗಾದರೂ ಹೀಗಾದರೆ ಅವಸರ ಮಾಡಬೇಡಿ, ಒಬ್ಬರನ್ನೇ ಬಿಟ್ಟು ಮುಂದೆ ಹೋಗಬೇಡಿ. ನಾಲಿಗೆ ತೊದಲುತ್ತಿದ್ದರೆ, ಬಿಸಿಲಲ್ಲೂ ಬೆವರು ನಿಂತಿದ್ದರೆ ಮಾತ್ರ ಕಾಯದೆ ಆಸ್ಪತ್ರೆ.

ಈ ರಸ್ತೆಯಲ್ಲಿ ವಾಹನ ಹೆಚ್ಚು. ಮೇಟಗಳ್ಳಿ ಸಮೀಪಿಸಿದಂತೆ ಬಸ್ಸು, ಲಾರಿ ಒತ್ತುತ್ತವೆ, ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ದಣಿದ ಕಣ್ಣು ಮೋಸ ಮಾಡುತ್ತದೆ. ಒಬ್ಬರ ಹಿಂದೆ ಒಬ್ಬರು ಹೋಗಿ, ಹಿಂದಿನ ಕೆಂಪು ಲೈಟನ್ನು ಹಗಲಲ್ಲೂ ಹಾಕಿಡಿ. ವೇಗದ ಮೀಟರಿನ ಕಡೆ ನೋಡಬೇಡಿ. ಹಗುರ ಗೇರು, ಐದೈದು ನಿಮಿಷಕ್ಕೊಂದು ಗುಟುಕು. ಬೆಳಿಗ್ಗೆ ಇಳಿಜಾರಿನಲ್ಲಿ ಉಳಿಸಿಟ್ಟ ಕಾಲು ಈಗ ನಿಮ್ಮ ನೆರವಿಗೆ ಬರುತ್ತದೆ. ಎಲ್ಲ ಸರಿಯಾಗಿ ನಡೆದರೆ ಮಧ್ಯಾಹ್ನ ಎರಡೂವರೆಗೆ, ನಿಧಾನವಾದರೂ ನಾಲ್ಕರೊಳಗೆ, ಮನೆಯ ಗೇಟಿನ ಮುಂದಿರುತ್ತೀರಿ.

ಸ್ನಾನ ಮಾಡಿ, ಮೊಸರನ್ನ ತಿಂದು ಮಲಗಿ. ಚೈನು ತೊಳೆಯುವ ಕೆಲಸ ಮರುದಿನಕ್ಕಿರಲಿ. ಆದರೆ ಮರೆಯಬೇಡಿ, ಡಿರೇಲರಿನ ಸಣ್ಣ ಚಕ್ರಗಳ ಹಿಂದೆ ಹುರುಳಿಯ ಒಂದು ಎಳೆಯಾದರೂ ಸಿಕ್ಕಿಕೊಂಡಿರುತ್ತದೆ.